ರಾತ್ರಿ ಒಂದು ತಾಸು ನಿಧಾನದ ಸಂಗೀತ, ಜೊತೆಗೆ ಒಬ್ಬರ ದನಿ: ಇಂಥ ರೇಡಿಯೋ ಕಾರ್ಯಕ್ರಮ ನಮ್ಮ ಕಡೆ ಇದೆಯಾ?

ಕೋಡಿಬಾಗದ ಮಗಳು, ಕಾರವಾರ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ಆಯಿ ತೀರಿಕೊಂಡು 11 ತಿಂಗಳಾಯಿತು. ಅಪ್ಪನಿಗೆ ಈಗ 76. ರಾತ್ರಿ ಹತ್ತಕ್ಕೆ ಮಲಗುತ್ತಾರೆ, ಹನ್ನೊಂದೂವರೆಗೆ ಎದ್ದು ಬಂದು ಜಗಲಿಯಲ್ಲಿ ಕೂರುತ್ತಾರೆ. ನಮ್ಮ ಮನೆ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಬೇರೆ ತಿಂಗಳಲ್ಲಾದರೆ ನಸುಕಿನಲ್ಲಿ ಬೋಟಿನ ಸದ್ದಾದರೂ ಕೇಳುತ್ತದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್. ಆಗ ರಾತ್ರಿ ಅಂದರೆ ಮಳೆ ಮತ್ತು ಹೆದ್ದಾರಿಯ ಲಾರಿ, ಅಷ್ಟೇ. ಡಾಕ್ಟರಿಗೆ ತೋರಿಸಿದೆವು, ಮಾತ್ರೆ ಕೊಟ್ಟರು. ಬೆಳಿಗ್ಗೆ ತಲೆ ಭಾರ ಆಗುತ್ತದೆ ಅಂತ ಅಪ್ಪ ನಾಲ್ಕೇ ದಿನಕ್ಕೆ ಬಿಟ್ಟರು.

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಕಳೆದ ತಿಂಗಳು ಬಂದಾಗ ಹಾರ್ಟ್ಸ್ ಆಫ್ ಸ್ಪೇಸ್ ಅಂತ ಒಂದು ರೇಡಿಯೋ ಕಾರ್ಯಕ್ರಮವನ್ನು ಅಪ್ಪನ ಫೋನಿಗೆ ಹಾಕಿಕೊಟ್ಟು ಹೋದ. ಸರಿಯಾಗಿ ಒಂದು ತಾಸು. ಮೊದಲು ಒಬ್ಬರು ತಗ್ಗಿದ ದನಿಯಲ್ಲಿ ನಾಲ್ಕು ಮಾತು ಹೇಳುತ್ತಾರೆ. ಆಮೇಲೆ ಬರೀ ಸಂಗೀತ. ಒಂದು ಮುಗಿದದ್ದು, ಇನ್ನೊಂದು ಶುರುವಾದದ್ದು ಗೊತ್ತೇ ಆಗುವುದಿಲ್ಲ, ನದಿ ನೀರು ಉಪ್ಪು ನೀರಿಗೆ ಸೇರಿದ ಹಾಗೆ ಸೇರಿಬಿಡುತ್ತದೆ. ಕೊನೆಗೆ ಅದೇ ದನಿ ಮತ್ತೆ ಬಂದು, ಯಾರು ಯಾರು ನುಡಿಸಿದರು ಅಂತ ಹೇಳಿ, ಹೋಗಿ ಬನ್ನಿ ಅಂತ ಬೀಳ್ಕೊಡುತ್ತದೆ.

ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೂ ಕೊನೆಯ ಆ ಮಾತು ಬರುವವರೆಗೆ ಕಾಯುತ್ತಾರೆ. ಅದು ಮುಗಿದ ಮೇಲೆ ಫೋನ್ ಮಗುಚಿಟ್ಟು ಒಳಗೆ ಹೋಗಿ ಮಲಗುತ್ತಾರೆ. ಎಷ್ಟೋ ದಿನ ಬೆಳಿಗ್ಗೆವರೆಗೆ ಏಳುವುದಿಲ್ಲ! ನನಗೆ ಆಶ್ಚರ್ಯ. ಒಂದು ತಾಸು ಯಾಕೆ, ರಾತ್ರಿಯಿಡೀ ಇರಲಿ ಅಂತ ನಾನು ಇನ್ನೊಂದು ಕಡೆಯಿಂದ ಹತ್ತು ತಾಸಿನ ನಿದ್ದೆ ಸಂಗೀತ ಹುಡುಕಿ ಹಾಕಿದೆ. ಐದು ನಿಮಿಷ ಕೇಳಿ ಬಂದ್ ಮಾಡಿದರು. "ಇದರಲ್ಲಿ ಯಾರೂ ಇಲ್ಲ ಮಗಾ" ಅಂದರು.

ಆ ಮಾತು ನನ್ನ ತಲೆಯಲ್ಲೇ ಕೂತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಕನ್ನಡದಲ್ಲಿ ಅಥವಾ ನಮ್ಮ ದೇಶದ ಯಾವುದಾದರೂ ಭಾಷೆಯಲ್ಲಿ ಇಂಥದ್ದು ಇದೆಯಾ? ಯಾರೋ ಒಬ್ಬರು ಕೂತು, ಆರಿಸಿ, ಒಂದು ತಾಸು ಕೇಳಿಸುವಂಥದ್ದು, ನಡುವೆ ಜಾಹೀರಾತು ಕೂಗದಂಥದ್ದು? ಇನ್ನೊಂದು ವಿಷಯ. ಆ ಅಮೆರಿಕದವರು ಯಾರು, ಎಷ್ಟು ವರ್ಷದಿಂದ ನಡೆಸುತ್ತಿದ್ದಾರೆ ಅಂತ ಅಪ್ಪ ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಕೇಳುತ್ತಾರೆ. ಗೊತ್ತಿದ್ದವರು ಹೇಳಿ, ನಾನು ಅವರಿಗೆ ಹೇಳುತ್ತೇನೆ.

ತೋಟದಂಚು, ಶಿರಸಿ

ಅಕ್ಕಾ, ನಿಮ್ಮ ಅಪ್ಪ ಹೇಳಿದ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ನಮ್ಮ ಮನೆಯಲ್ಲಿ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುತ್ತಿದ್ದರು. ಹತ್ತು ಹನ್ನೆರಡು ಮೆಟ್ಟುಗತ್ತಿ, ನಡುವೆ ರಾಶಿ, ಒಂದು ಬಲ್ಬು, ಕಂಬಕ್ಕೆ ನೇತುಹಾಕಿದ ರೇಡಿಯೋ. ಧಾರವಾಡ ಕೇಂದ್ರ, 765 ಕಿಲೋಹರ್ಟ್ಸ್. ಅಂಕಿ ಬಾಯಿಪಾಠ ಆದದ್ದು ಶಾಲೆಯಲ್ಲಲ್ಲ, ಅಲ್ಲೇ. ಮೊದಲು ಎಲ್ಲರೂ ಮಾತಾಡುತ್ತಿದ್ದರು. ಚಿತ್ರಗೀತೆ ಬಂದರೆ ಜೊತೆಗೆ ಹಾಡುವವರೂ ಇದ್ದರು. ಶನಿವಾರ ರಾತ್ರಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾಯಿತು ಅಂದರೆ ನಿಧಾನಕ್ಕೆ ಮಾತು ನಿಲ್ಲುತ್ತಿತ್ತು. ಯಾರೂ ಸುಮ್ಮನಿರಿ ಅಂತ ಹೇಳುತ್ತಿರಲಿಲ್ಲ. ಅಲ್ಲಿ ಸುಲಿಯುತ್ತಿದ್ದವರಲ್ಲಿ ರಾಗದ ಹೆಸರು ಗೊತ್ತಿದ್ದವರು ಇಬ್ಬರೋ ಮೂವರೋ. ಆದರೂ ಸಿಪ್ಪೆ ಬಿಡಿಸುವ ಟಕ್ ಟಕ್ ಸದ್ದು, ತಂಬೂರಿ, ಹೊರಗೆ ಜೀರುಂಡೆ, ಎಲ್ಲ ಒಂದೇ ಆಗುತ್ತಿತ್ತು. ನನಗಾಗ ಎಂಟೋ ಒಂಬತ್ತೋ ವರ್ಷ. ಅಜ್ಜಿಯ ಬೆನ್ನಿಗೆ ಒರಗಿ ಅಲ್ಲೇ ನಿದ್ದೆ ಹೋಗುತ್ತಿದ್ದೆ.

ಆ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ನೀವು ಹೇಳಿದ ಅಮೆರಿಕದ ಕಾರ್ಯಕ್ರಮಕ್ಕಿಂತ ಹಳೆಯದೇ ಇರಬೇಕು. ಅದರಲ್ಲೂ ಹಾಗೇ ಅಲ್ವಾ, ಮೊದಲು ಒಂದು ದನಿ ಬಂದು ಯಾರು ಹಾಡುತ್ತಾರೆ, ಯಾವ ರಾಗ, ತಬಲಾ ಯಾರು ಅಂತ ಹೇಳಿ ಸರಿದು ನಿಲ್ಲುತ್ತದೆ. ನಡುವೆ ಮಾತಿಲ್ಲ.

ಆಕಾಶವಾಣಿಯ ಸಂಕೇತ ರಾಗವನ್ನೇ ತೆಗೆದುಕೊಳ್ಳಿ. ಬೆಳಗಿನ ಪ್ರಸಾರಕ್ಕೆ ಮೊದಲು ಬರುವ ಅದು. ಕೆಳಗೆ ತಂಬೂರಿ, ಮೇಲೆ ಪಿಟೀಲು, ಶಿವರಂಜನಿ ರಾಗ. ಅದನ್ನು ಮಾಡಿದವರು ವಾಲ್ಟರ್ ಕೌಫ್ಮನ್, ಯುರೋಪಿನಿಂದ ತಪ್ಪಿಸಿಕೊಂಡು ಮುಂಬೈಗೆ ಬಂದ ಯಹೂದಿ ಸಂಗೀತಗಾರ, 1936ರಲ್ಲಿ. ಇಷ್ಟು ವರ್ಷ ಕೇಳಿದರೂ ಅದು ನನಗೆ ಹಳತಾಗಿಲ್ಲ. ನಮ್ಮ ಮನೆಯ ಕೊಟ್ಟಿಗೆಯಲ್ಲಿ ದನ ಏಳುತ್ತಿದ್ದದ್ದು ಅದಕ್ಕೇ.

ಈಗ ನಿಮಗೆ ಬೇಕಾದ ಉತ್ತರ. ಆಕಾಶವಾಣಿಯ ರಾಗಂ ಅಂತ ಒಂದು ವಾಹಿನಿ ಇದೆ. 2016ರ ಜನವರಿ 26ಕ್ಕೆ ಬೆಂಗಳೂರಿನಿಂದ ಶುರುವಾಯಿತು. ದಿನದ 24 ತಾಸೂ ಶಾಸ್ತ್ರೀಯ ಸಂಗೀತ, ಹಿಂದೂಸ್ತಾನಿ, ಕರ್ನಾಟಕಿ ಎರಡೂ. ಆಕಾಶವಾಣಿಯ ಆ್ಯಪ್‌ನಲ್ಲಿ ಸಿಗುತ್ತದೆ. ಅದರಲ್ಲಿ ಹೇಳುವ ದನಿ ಇದೆ, ಮನುಷ್ಯರಿದ್ದಾರೆ. ಅಪ್ಪನಿಗೆ ಹಾಕಿಕೊಟ್ಟು ನೋಡಿ.

ಕುಮಟಾದವ, ಈಗ ಓಕ್ಲ್ಯಾಂಡ್

ಅಕ್ಕಾ, ನಾನು ಇರುವುದು ಆ ಕಾರ್ಯಕ್ರಮ ಹುಟ್ಟಿದ ಊರಿನ ಪಕ್ಕದಲ್ಲೇ. ಅಪ್ಪನಿಗೆ ಚಹಾದ ಜೊತೆ ಹೇಳಲು ಇಷ್ಟು ಸಾಕಾಗಬಹುದು, ನಾಲ್ಕು ದಿನಕ್ಕೆ ಹಂಚಿ ಹೇಳಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ ಅಂತ ಊರು. ಅಲ್ಲಿ ಕೆಪಿಎಫ್‌ಎ ಅನ್ನುವ ರೇಡಿಯೋ ಕೇಂದ್ರ 1949ರಿಂದ ಇದೆ. ಜಾಹೀರಾತು ಇಲ್ಲ, ಕೇಳುವ ಜನ ಕೊಡುವ ದುಡ್ಡಿನಲ್ಲಿ ನಡೆಯುತ್ತದೆ. 1973ರಲ್ಲಿ ಸ್ಟೀಫನ್ ಹಿಲ್ ಅನ್ನುವವರು ಅಲ್ಲಿ ತಡರಾತ್ರಿ ಈ ಕಾರ್ಯಕ್ರಮ ಶುರು ಮಾಡಿದರು. ಓದಿದ್ದು ವಾಸ್ತುಶಿಲ್ಪ, ಅಂದರೆ ಕಟ್ಟಡ ಕಟ್ಟುವ ವಿದ್ಯೆ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಅವರು ಒಂದು ತಾಸನ್ನು ಜೋಡಿಸುವ ರೀತಿ ನೋಡಿ: ಮೊದಲು ಅಂಗಳ, ಆಮೇಲೆ ಜಗಲಿ, ಆಮೇಲೆ ಒಳಕೋಣೆ, ಆಮೇಲೆ ಹಿತ್ತಿಲ ಬಾಗಿಲು. ಕೇಳುವವರನ್ನು ಒಂದು ಮನೆಯೊಳಗೆ ಕರೆದುಕೊಂಡು ಹೋಗಿ ಹೊರಗೆ ಬಿಟ್ಟ ಹಾಗೆ ಇರುತ್ತದೆ. ಹೆಸರಿನಲ್ಲಿರುವ ಸ್ಪೇಸ್ ಅಂದರೆ ನಕ್ಷತ್ರ, ರಾಕೆಟ್ ಅಂತ ನಾನು ಮೊದಲು ತಿಳಿದಿದ್ದೆ. ಕೇಳುತ್ತಾ ಕೇಳುತ್ತಾ ಅನಿಸಿದ್ದು, ಅದು ಸದ್ದು ಮತ್ತು ಸದ್ದಿನ ನಡುವೆ ಇರುವ ಜಾಗ ಅಂತ.

ಶುರುವಿನಲ್ಲಿ ಮೂರು ತಾಸು ಇರುತ್ತಿತ್ತು. ಆನಾ ಟರ್ನರ್ ಅನ್ನುವವರು ಸ್ವಲ್ಪ ದಿನಕ್ಕೇ ಜೊತೆಯಾದರು, ಇಬ್ಬರೂ ಸೇರಿ ಹಲವು ವರ್ಷ ನಡೆಸಿದರು. 1983ರಲ್ಲಿ ಅದನ್ನು ಒಂದು ತಾಸಿಗೆ ಇಳಿಸಿ ಉಪಗ್ರಹದ ಮೂಲಕ ಅಮೆರಿಕದ ಬೇರೆ ಬೇರೆ ಊರಿನ ಸಾರ್ವಜನಿಕ ರೇಡಿಯೋಗಳಿಗೆ ಕಳಿಸಲು ಶುರು ಮಾಡಿದರು. ಅಲ್ಲಿಂದ ಲೆಕ್ಕ ಹಾಕಿದರೆ ಸಾವಿರಕ್ಕೂ ಹೆಚ್ಚು ಕಂತು ಆಗಿದೆ. ಅವಸರದ ಕಾಲಕ್ಕೆ ನಿಧಾನದ ಸಂಗೀತ, ಇದು ಅವರ ಘೋಷವಾಕ್ಯ. ಯಂತ್ರದ ಸಿಂಥಸೈಸರ್ ಇರುತ್ತದೆ, ಚರ್ಚಿನ ಹಳೆಯ ಹಾಡು, ಟಿಬೆಟ್ ಕಡೆಯ ಘಂಟೆ, ನಮ್ಮ ಬಾನ್ಸುರಿ, ಸಾರಂಗಿ ಕೂಡ.

ಅವರೊಬ್ಬರೇ ಅಲ್ಲ. ಫಿಲಡೆಲ್ಫಿಯಾದಲ್ಲಿ ಸ್ಟಾರ್ಸ್ ಎಂಡ್ ಅಂತ ಒಂದಿದೆ, 1976ರಿಂದ. ಶನಿವಾರ ನಡುರಾತ್ರಿ ದಾಟಿದ ಮೇಲೆ ಶುರುವಾಗಿ ಭಾನುವಾರ ಬೆಳಗಿನವರೆಗೆ. ಅದನ್ನು ಶುರು ಮಾಡಿದವರಲ್ಲಿ ಒಬ್ಬರಾದ ಜಾನ್ ಡಿಲಿಬರ್ಟೊ 1989ರಲ್ಲಿ ಎಕೋಸ್ ಅಂತ ಇನ್ನೊಂದು ಕಟ್ಟಿದರು. ನಾನು ಇಲ್ಲಿಗೆ ಬಂದ ಹೊಸತರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಕಾರಿನಲ್ಲಿ ವಾಪಸ್ ಬರುವಾಗ ಇವೇ ನನಗೆ ಜೊತೆ. ಮಾತಾಡಲು ಯಾರೂ ಇಲ್ಲದ ಊರಿನಲ್ಲಿ, ನಿಧಾನವಾಗಿ ಮಾತಾಡುವ ಒಬ್ಬರು, ನನಗೆ ಏನೂ ಮಾರದ ಒಬ್ಬರು, ಪ್ರತಿ ವಾರ ಅದೇ ಹೊತ್ತಿಗೆ ಬರುತ್ತಾರೆ ಅನ್ನುವುದು ಎಷ್ಟು ದೊಡ್ಡ ಆಸರೆ ಅಂತ ನಿಮ್ಮ ಅಪ್ಪನಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಷಡ್ಜ, ಹೊನ್ನಾವರ

ಓಕ್ಲ್ಯಾಂಡಿನ ತಮ್ಮ ಬರೆದದ್ದಕ್ಕೆ ಒಂದು ವಿಷಯ ಸೇರಿಸಲೇಬೇಕು. ಇದು ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ಕತೆ.

ಆ ಊರಿನ ಸುತ್ತ ಅದೇ ಕಾಲದಲ್ಲಿ ಹಿಂದೂಸ್ತಾನಿ ಸಂಗೀತ ಬೇರು ಬಿಟ್ಟಿತ್ತು. ಉಸ್ತಾದ್ ಅಲಿ ಅಕ್ಬರ್ ಖಾನರು ತಮ್ಮ ಸಂಗೀತ ಶಾಲೆಯನ್ನು ಬರ್ಕ್ಲಿಯಲ್ಲಿ ಶುರು ಮಾಡಿದ್ದು 1967ರಲ್ಲಿ. ಪಂಡಿತ್ ಪ್ರಾಣನಾಥರು 1970ರಲ್ಲಿ ಅಮೆರಿಕಕ್ಕೆ ಹೋದರು, ಲಾ ಮೊಂಟೆ ಯಂಗ್, ಟೆರ್ರಿ ರೈಲಿ ಅನ್ನುವ ಅಲ್ಲಿನ ಇಬ್ಬರು ದೊಡ್ಡ ಸಂಗೀತಗಾರರು ಅವರ ಶಿಷ್ಯರಾದರು. ಓಕ್ಲ್ಯಾಂಡಿನ ಮಿಲ್ಸ್ ಕಾಲೇಜಿನಲ್ಲಿ ಪ್ರಾಣನಾಥರು 1973ರಿಂದ ಹಲವು ವರ್ಷ ಕಲಿಸಿದರು. ಒಂದೇ ಸ್ವರವನ್ನು ಹಿಡಿದು ಎಷ್ಟೋ ಹೊತ್ತು ಅದರೊಳಗೇ ಕೂರುವ ಸಂಗೀತ ಆ ದೇಶದಲ್ಲಿ ಬೆಳೆದದ್ದರ ಹಿಂದೆ ಈ ತಂಬೂರಿಯೂ ಇದೆ.

ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನ್, ಕಿರಾನಾ ಘರಾನೆ, ಅಂದರೆ ಕಿರಾನಾ ಅನ್ನುವ ಗಾಯನದ ಮನೆತನ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಖಯಾಲ್ ಅನ್ನುವ ಹಿಂದೂಸ್ತಾನಿ ಹಾಡಿಕೆಯನ್ನು ಅಷ್ಟು ನಿಧಾನಕ್ಕೆ, ಒಂದೊಂದೇ ಸ್ವರ ಏರಿಸುತ್ತಾ ಹಾಡುವ ಕ್ರಮಕ್ಕೆ ಅವರೇ ಹೆಸರುವಾಸಿ. ಅವರ ಗಾಯನ ಇವತ್ತು ಉಳಿದಿರುವುದು ಬೆರಳೆಣಿಕೆಯಷ್ಟು, ಅದು ಕೂಡ ಲಾಹೋರ್ ರೇಡಿಯೋ ಪ್ರಸಾರದಿಂದ. ಅವರ ಸಂಬಂಧಿ ಅಬ್ದುಲ್ ಕರೀಂ ಖಾನ್. ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅಂದರೆ ಶಿರಸಿಯವರ ಅಡಿಕೆ ಸುಲಿಯುವ ಚಪ್ಪರಕ್ಕೆ ಧಾರವಾಡದಿಂದ ಬರುತ್ತಿದ್ದ ದನಿ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಕೂತು ಷಡ್ಜ, ಅಂದರೆ ಸಾ ಸ್ವರ, ಹಿಡಿದವರ ದನಿ ಒಂದೇ ಮನೆತನದ್ದು. ಇದನ್ನು ಬರೆಯುವಾಗ ನನಗೆ ಮೈ ಜುಮ್ ಅನ್ನುತ್ತಿದೆ.

ಅಕ್ಕಾ, ಅಪ್ಪನಿಗೆ ರಾಗಂ ಹಾಕಿಕೊಡಿ. ತಡರಾತ್ರಿಗೆ ವಿಲಂಬಿತ, ಅಂದರೆ ನಿಧಾನ ಲಯದಲ್ಲಿ, ದರ್ಬಾರಿ, ಮಾಲಕಂಸ ರಾಗ ಕೇಳಿಸಿ. ಬೇರೆ ಯಾವುದೂ ಬೇಕಾಗುವುದಿಲ್ಲ.

ಬೈಠಕ್, ಯಲ್ಲಾಪುರ

ಷಡ್ಜ ಅವರೇ, ಕತೆ ಬಹಳ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ.

ವಿಲಂಬಿತ ಖಯಾಲ್ ಕೇಳುವವರಿಂದ ತುಂಬಾ ಕೇಳುತ್ತದೆ. ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬರುವುದನ್ನು ಕಾಯಬೇಕು, ಗಾಯಕರು ಗಂಧಾರ ಸ್ವರಕ್ಕೆ ಹೋಗುತ್ತಾರೋ ಇಲ್ಲವೋ ಅಂತ ಉಸಿರು ಹಿಡಿಯಬೇಕು. ದರ್ಬಾರಿ ಒಳ್ಳೆಯವರ ಗಂಟಲಿನಲ್ಲಿ ಬಂದರೆ ನಿದ್ದೆ ಬರುವ ಮಾತೇ ಇಲ್ಲ, ಬಂದ ನಿದ್ದೆಯೂ ಹೋಗುತ್ತದೆ. ಅದರಲ್ಲೂ ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ನಡುರಾತ್ರಿ ಒಬ್ಬರೇ ಕೂತು ದರ್ಬಾರಿ ಕೇಳಿದರೆ ಏನಾಗಬಹುದು? ನನ್ನ ಅಣ್ಣ ತೀರಿಕೊಂಡ ವರ್ಷ ನಾನು ಹಾಗೆ ಮಾಡಿದ್ದೆ. ಬೆಳಗಿನವರೆಗೆ ಅಳುತ್ತಾ ಕೂತಿದ್ದೆ. ಅತ್ತದ್ದು ತಪ್ಪು ಅಂತ ಹೇಳುತ್ತಿಲ್ಲ. ಆದರೆ ಈ ಅಪ್ಪನಿಗೆ ಬೇಕಾಗಿರುವುದು ಬೇರೆ ಅಂತ ಕಾಣುತ್ತದೆ.

ಅಪ್ಪ ರಾತ್ರಿ ಕೇಳುವಂಥ, ಆಂಬಿಯಂಟ್ ಅನ್ನುವ ಸಂಗೀತದ ಗುಣವೇ ಬೇರೆ. ಅದು ಕೇಳಿದರೆ ಸಂತೋಷ, ಕೇಳದಿದ್ದರೂ ಬೇಜಾರಿಲ್ಲ ಅನ್ನುವ ಹಾಗೆ ಪಕ್ಕದಲ್ಲಿ ಕೂರುತ್ತದೆ. ಬ್ರಯಾನ್ ಈನೋ ಅನ್ನುವ ಇಂಗ್ಲಿಷ್ ಸಂಗೀತಗಾರರಿಗೆ 1975ರಲ್ಲಿ ಅಪಘಾತವಾಗಿ ಮನೆಯಲ್ಲಿ ಮಲಗಿದ್ದರು. ನೋಡಲು ಬಂದ ಗೆಳತಿ ಹಾರ್ಪ್ ವಾದ್ಯದ ಒಂದು ರೆಕಾರ್ಡ್ ಕೊಟ್ಟು ಹೋದರು. ಅವರು ಕಷ್ಟಪಟ್ಟು ಎದ್ದು ಹಾಕಿ ಬಂದು ಮಲಗಿದ ಮೇಲೆ ಗೊತ್ತಾಯಿತು, ದನಿ ತೀರಾ ಸಣ್ಣದಿದೆ, ಒಂದು ಸ್ಪೀಕರ್ ಕೆಲಸ ಮಾಡುತ್ತಿಲ್ಲ. ಮತ್ತೆ ಏಳಲು ತ್ರಾಣ ಇಲ್ಲ. ಹೊರಗೆ ಮಳೆ. ಮಳೆಯ ನಡುವೆ ಅಲ್ಲೊಂದು ಇಲ್ಲೊಂದು ಸ್ವರ ಮಾತ್ರ ಕಿವಿಗೆ ಬೀಳುತ್ತಿತ್ತು. ಸಂಗೀತವನ್ನು ಹೀಗೂ ಕೇಳಬಹುದಲ್ಲ, ಕೋಣೆಯ ಬೆಳಕಿನ ಹಾಗೆ, ಮಳೆಯ ಸದ್ದಿನ ಹಾಗೆ, ಅಂತ ಅವರಿಗೆ ಅನಿಸಿತು. ಮೂರು ವರ್ಷದ ನಂತರ ವಿಮಾನ ನಿಲ್ದಾಣಗಳಿಗೆ ಅಂತ ಒಂದು ಆಲ್ಬಂ ಮಾಡಿದಾಗ ಆಂಬಿಯಂಟ್ ಅನ್ನುವ ಹೆಸರು ಅದಕ್ಕೆ ನಿಂತಿತು.

ಈ ಕತೆ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗಬೇಕು. ಹೊನ್ನಾವರದ ಕಡೆ ಗದ್ದೆಯಾಚೆ ಯಕ್ಷಗಾನ ಆಟ ನಡೆಯುವಾಗ ಮನೆಯಲ್ಲೇ ಮಲಗಿ ಕೇಳಿದ್ದೀರಿ ಅಲ್ವಾ? ಪದ ತಿಳಿಯುವುದಿಲ್ಲ. ಗಾಳಿ ಈಚೆ ಬೀಸಿದರೆ ಚಂಡೆ ಕೇಳುತ್ತದೆ, ಆಚೆ ಬೀಸಿದರೆ ಇಲ್ಲ. ಭಾಗವತರ ದನಿ ಎಲ್ಲೋ ಒಮ್ಮೆ ತೇಲಿ ಬರುತ್ತದೆ. ಪ್ರಸಂಗ ಯಾವುದು ಅಂತಲೂ ಗೊತ್ತಿಲ್ಲ. ಆದರೆ ಅಲ್ಲಿ ಜನ ಎಚ್ಚರ ಇದ್ದಾರೆ, ದೀಪ ಉರಿಯುತ್ತಿದೆ ಅನ್ನುವ ಧೈರ್ಯದಲ್ಲಿ ನಾವು ನಿದ್ದೆ ಹೋಗುತ್ತೇವೆ. ಅಪ್ಪ ಹುಡುಕುತ್ತಿರುವುದು ಅದನ್ನೇ ಅಂತ ನನ್ನ ಅಂದಾಜು.

ಅದಕ್ಕೇ ಹೇಳುತ್ತೇನೆ, ಬರೀ ತಂಬೂರಿ ಹಾಕಿ. ಹಾಡು ಬೇಡ.

ಷಡ್ಜ, ಹೊನ್ನಾವರ

ಯಲ್ಲಾಪುರದವರು ಹೇಳಿದ್ದು ಸರಿ. ದರ್ಬಾರಿ ಹೇಳಿದ್ದು ನನ್ನ ಇಷ್ಟವನ್ನು ಅಪ್ಪನ ಮೇಲೆ ಹೊರಿಸಿದ ಹಾಗೆ ಆಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ತಂಬೂರಿ ಮಾತು ಬಂದದ್ದಕ್ಕೆ ಒಂದು ವಿಷಯ. ಫೋನಿನ ಆ್ಯಪ್ ತಂಬೂರಿ ರಿಯಾಜಿಗೆ, ಅಂದರೆ ದಿನದ ಅಭ್ಯಾಸಕ್ಕೆ, ಸಾಕು. ನಾನೂ ದಿನಾ ಬಳಸುತ್ತೇನೆ. ಆದರೆ ಸುಮ್ನೆ ಕೂತು ಕೇಳಲು ಅದು ಸಾಲದು, ಯಾಕೆಂದರೆ ಪ್ರತಿ ಸುತ್ತೂ ಒಂದೇ ಥರ. ಕೈಯಲ್ಲಿ ಮೀಟಿದ ತಂಬೂರಿಯಲ್ಲಿ ನಾಲ್ಕು ತಂತಿ, ಪಂಚಮ, ಎರಡು ಷಡ್ಜ, ಕೆಳಗಿನ ಷಡ್ಜ. ತಂಬೂರಿಯ ಕುದುರೆ, ಅಂದರೆ ತಂತಿ ಹಾಯುವ ಪಟ್ಟಿಯ ಮೇಲೆ, ತಂತಿಯ ಅಡಿಗೆ ಒಂದು ಎಳೆ ದಾರ ಸರಿಸುತ್ತೇವೆ. ಕೂದಲೆಳೆಯಷ್ಟು ಆಚೆ ಈಚೆ ಮಾಡಿದರೆ ಸಾಕು, ತಂತಿ ತೆರೆದುಕೊಂಡು ಒಂದೇ ಸ್ವರದೊಳಗಿಂದ ಬೇರೆ ಸ್ವರಗಳು ಮೇಲೇಳುತ್ತವೆ. ಅದನ್ನೇ ಜವಾರಿ ಅನ್ನುವುದು. ಬೆರಳು ಪ್ರತಿ ಸಲ ಸ್ವಲ್ಪ ಬೇರೆ ಥರ ಬೀಳುತ್ತದೆ. ಯಾರೋ ಇದ್ದಾರೆ ಅನ್ನುವುದು ಅಲ್ಲಿ ಕೇಳಿಸುತ್ತದೆ.

ನನ್ನ ಹತ್ತಿರ ಮಿರಜಿನ ಒಂದು ತಂಬೂರಿ ಇದೆ. ಮಳೆಗಾಲದಲ್ಲಿ ಅದನ್ನು ಶ್ರುತಿಯಲ್ಲಿ ನಿಲ್ಲಿಸುವುದು ಕಷ್ಟ, ಹವೆಯಲ್ಲಿ ತೇವ ಜಾಸ್ತಿ. ಆದರೂ ಇವತ್ತು ರಾತ್ರಿ 20 ನಿಮಿಷ ನುಡಿಸಿ ರೆಕಾರ್ಡ್ ಮಾಡಿ ನಿಮಗೆ ಕಳಿಸುತ್ತೇನೆ. ಹಿಂದೆ ಮಳೆ ಕೇಳಿಸಿದರೆ ಕೇಳಿಸಲಿ.

ರಾತ್ರಿಪಾಳಿ, ಅಂಕೋಲಾ

ನಾನು ನರ್ಸ್. ಸಂಗೀತದ ಬಗ್ಗೆ ಹೆಚ್ಚು ತಿಳಿಯದು, ಎರಡೇ ಮಾತು.

ಅಪ್ಪ ಮಾತ್ರೆ ಬಿಟ್ಟಿದ್ದನ್ನು ಡಾಕ್ಟರಿಗೆ ಹೇಳಿದ್ದೀರಾ? ಇಲ್ಲದಿದ್ದರೆ ಹೇಳಿ. ತಲೆ ಭಾರ ಅಂದರೆ ಅವರು ಬೇರೆ ದಾರಿ ನೋಡುತ್ತಾರೆ. ಹನ್ನೊಂದು ತಿಂಗಳು ಸರಿಯಾಗಿ ನಿದ್ದೆ ಇಲ್ಲ ಅಂದರೆ ಸಣ್ಣ ವಿಷಯ ಅಲ್ಲ. ವರ್ಷಾಂತಿಕದ ಹತ್ತಿರ ಬಂದಾಗ ಇನ್ನೂ ಕಷ್ಟ ಆಗಬಹುದು, ಆ ವಾರ ಅವರನ್ನು ಒಬ್ಬರೇ ಬಿಡಬೇಡಿ.

ಇನ್ನೊಂದು, ಫೋನಿನ ಬೆಳಕು ಕಣ್ಣಿಗೆ ಬೀಳದ ಹಾಗೆ ಮಾಡಿ. ಅವರು ಫೋನ್ ಮಗುಚಿಡುವುದು ಒಳ್ಳೆಯ ಅಭ್ಯಾಸ. ಇಯರ್‌ಫೋನ್ ಬೇಡ, ಸಣ್ಣ ಸ್ಪೀಕರ್ ಸ್ವಲ್ಪ ದೂರದಲ್ಲಿಡಿ. ನಮ್ಮ ವಾರ್ಡಿನಲ್ಲಿ ರಾತ್ರಿ ಎರಡರ ಮೇಲೆ ಯಾರಾದರೂ ಎಚ್ಚರ ಇದ್ದರೆ ನಾನು ಹೋಗಿ ಮಂಚದ ಪಕ್ಕ ಎರಡು ನಿಮಿಷ ನಿಲ್ಲುತ್ತೇನೆ. ಏನೂ ಮಾತಾಡುವುದಿಲ್ಲ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ.

ಮೀಡಿಯಂ ವೇವ್, ಕುಮಟಾ

ಎಲ್ಲರೂ ಆ್ಯಪ್ ಅನ್ನುತ್ತಿದ್ದೀರಿ. 76 ವರ್ಷದವರ ಕೈಗೆ ಒಂದು ತಿರುಪು ಇರುವ ರೇಡಿಯೋ ಕೊಟ್ಟು ನೋಡಿ ಅಂತ ನಾನು ಹೇಳುತ್ತೇನೆ.

ಕಾರವಾರದಲ್ಲಿ ಎಫ್‌ಎಂ ಚೆನ್ನಾಗಿ ಬರುತ್ತದೆ, ಅಲ್ಲೇ ಆಕಾಶವಾಣಿ ಕೇಂದ್ರ ಇದೆಯಲ್ಲ. ಆದರೆ ಎಫ್‌ಎಂ ಅಲೆ ನೇರಕ್ಕೆ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಮುಗಿಯಿತು. ನಮ್ಮ ಜಿಲ್ಲೆಯಲ್ಲಿ ಗುಡ್ಡ ಇಲ್ಲದ ಕಡೆ ಎಲ್ಲಿದೆ? ಮೀಡಿಯಂ ವೇವ್ ಹಾಗಲ್ಲ. ಹಗಲು ಅದು ನೆಲ ಹಿಡಿದು ಬರುತ್ತದೆ. ಮೇಲೆ ವಾತಾವರಣದಲ್ಲಿ ಒಂದು ಪದರ ಬಿಸಿಲಿಗೆ ಹುಟ್ಟಿಕೊಂಡು, ಮೇಲಕ್ಕೆ ಹೋದ ಅಲೆಯನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆ ಇನ್ನೂ ಮೇಲೆ ಹೋಗಿ, ಅಲ್ಲಿರುವ ಇನ್ನೊಂದು ಪದರಕ್ಕೆ ಬಡಿದು, ನೂರಾರು ಕಿಲೋಮೀಟರ್ ದಾಟಿ ಕೆಳಗೆ ಬೀಳುತ್ತದೆ. ಅದಕ್ಕೇ ರಾತ್ರಿ ದೂರದೂರದ ಕೇಂದ್ರಗಳು ಕೇಳುವುದು. ಒಮ್ಮೆ ಹತ್ತಿರ, ಒಮ್ಮೆ ದೂರ, ಉಯ್ಯಾಲೆಯ ಹಾಗೆ. ಹಳಬರಿಗೆ ಆ ಏರಿಳಿತವೂ ಸಂಗೀತದ ಭಾಗವೇ ಆಗಿತ್ತು. ಯಲ್ಲಾಪುರದವರು ಹೇಳಿದ ಚಂಡೆಯ ಹಾಗೆ.

ಒಂದು ಉಪಾಯ. ಸೆಟ್ಟಿನೊಳಗೆ ಕಪ್ಪು ಕಡ್ಡಿಗೆ ತಂತಿ ಸುತ್ತಿದ ಆಂಟೆನಾ ಇರುತ್ತದೆ, ಅದಕ್ಕೆ ದಿಕ್ಕು ಇದೆ. ರೇಡಿಯೋವನ್ನು ಮೇಜಿನ ಮೇಲಿಟ್ಟು ನಿಧಾನಕ್ಕೆ ತಿರುಗಿಸುತ್ತಾ ಬನ್ನಿ, ಒಂದು ಕಡೆ ದನಿ ತಿಳಿಯಾಗುತ್ತದೆ. ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು ಹತ್ತಿರ ಇದ್ದರೆ ಗೊರಗೊರ ಜಾಸ್ತಿ, ಅವನ್ನು ಬಂದ್ ಮಾಡಿ.

ಹಳೆಯ ಸೆಟ್ ರಿಪೇರಿ ಮಾಡುವುದು ನನ್ನ ಹವ್ಯಾಸ. ಬೇಕಿದ್ದರೆ ಹೇಳಿ.

ಕೋಡಿಬಾಗದ ಮಗಳು, ಕಾರವಾರ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತನ್ನು ಅಪ್ಪನಿಗೆ ಓದಿ ಹೇಳಿದ್ದೇನೆ, ಒಂದನ್ನೂ ಬಿಡದೆ. ಡಾಕ್ಟರ ಹತ್ತಿರ ಮತ್ತೆ ಹೋಗಿ ಬಂದೆವು. ಅಂಕೋಲಾದ ಅಕ್ಕನಿಗೆ ವಿಶೇಷ ವಂದನೆ.

ಸವಾಯಿ ಗಂಧರ್ವರ ಕತೆ ಓದುವಾಗ ಅಪ್ಪ ಒಂದು ವಿಷಯ ಹೇಳಿದರು, ನನಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಶನಿವಾರ ರಾತ್ರಿ ರೇಡಿಯೋ ಹಚ್ಚಿಕೊಂಡು ಕೂರುತ್ತಿದ್ದರಂತೆ. ಆಯಿಗೆ ಹಾಡು ಅಷ್ಟು ಇಷ್ಟ ಇರಲಿಲ್ಲ, ಶುರುವಿನಲ್ಲಿ ಮಾತಾಡುವವರ ದನಿ ಇಷ್ಟ ಆಗಿತ್ತಂತೆ. ಅದು ಕೇಳಿ ಅಲ್ಲೇ ಮಲಗಿಬಿಡುತ್ತಿದ್ದಳಂತೆ, ಅಪ್ಪ ಕೊನೆಯವರೆಗೆ ಎಚ್ಚರ ಇದ್ದು ರೇಡಿಯೋ ಬಂದ್ ಮಾಡುತ್ತಿದ್ದರಂತೆ. ಕೊನೆಯ ಮಾತು ಬರುವವರೆಗೆ ಅವರು ಯಾಕೆ ಕಾಯುತ್ತಾರೆ ಅಂತ ನನಗೆ ಈಗ ಗೊತ್ತಾಯಿತು.

ರಾಗಂ ಹಾಕಿಕೊಟ್ಟೆ. ಸಂಜೆ ಹೊತ್ತು ಕೇಳುತ್ತಾರೆ, ರಾತ್ರಿಗೆ ಬೇಡ ಅಂದರು. ಅಮೆರಿಕದ್ದು ರಾತ್ರಿ ನಡೆದೇ ಇದೆ.

ಶನಿವಾರ ನಾನು ಒಂದು ಕೆಲಸ ಮಾಡಿದೆ. ಷಡ್ಜ ಅವರು ಕಳಿಸಿದ ತಂಬೂರಿ, ಆಮೇಲೆ ತಮ್ಮ ಕಳಿಸಿದ ಒಂದು ಬಾನ್ಸುರಿ, ನಮ್ಮದೇ ಜಗಲಿಯಲ್ಲಿ ಹಿಡಿದ ಮಳೆ, ಮತ್ತೆ ತಂಬೂರಿ. ಮಗಳು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಬೆಸೆದು ಕೊಟ್ಟಳು. ಎಲ್ಲ ಸೇರಿ 52 ನಿಮಿಷ. ಶುರುವಿಗೆ ನನ್ನ ದನಿಯಲ್ಲಿ ನಾಲ್ಕು ಮಾತು ಹೇಳಿ ಸೇರಿಸಿದೆ. ಇವತ್ತು ಶನಿವಾರ, ಹೊರಗೆ ಮಳೆ, ನದಿ ತುಂಬಿದೆ, ಮೊದಲು ಹೊನ್ನಾವರದಿಂದ ಒಂದು ತಂಬೂರಿ ಅಂತ. ಹೇಳುವಾಗ ಗಂಟಲು ಕಟ್ಟಿತು, ಮೂರು ಸಲ ಮಾಡಬೇಕಾಯಿತು.

ಅಪ್ಪ ಪೂರ್ತಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಆಮೇಲೆ ನನ್ನನ್ನು ಕರೆದು, "ಕೊನೆಯಲ್ಲಿ ಯಾರು ನುಡಿಸಿದ್ದು ಅಂತ ಹೇಳಲಿಲ್ಲ ನೀನು. ಮುಂದಿನ ಶನಿವಾರ ಹೇಳು" ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ಷಡ್ಜ ಅವರೇ, ನಿಮ್ಮ ಹೆಸರು ಏನಂತ ಹೇಳಲಿ? ಕುಮಟಾದವರೇ, ಆ ರೇಡಿಯೋ ನಮಗೆ ಬೇಕು, ಯಾವಾಗ ಬರಲಿ?

ಮೀಡಿಯಂ ವೇವ್, ಕುಮಟಾ

ಗುರುವಾರ ಬನ್ನಿ, ಅಪ್ಪನನ್ನೂ ಕರೆದುಕೊಂಡು ಬನ್ನಿ. ಎರಡು ಸೆಟ್ ಸಿದ್ಧ ಇಡುತ್ತೇನೆ, ತಿರುಪು ಯಾವುದರದ್ದು ಕೈಗೆ ಹಗುರ ಅಂತ ಅವರೇ ನೋಡಿ ಆರಿಸಲಿ.

ಷಡ್ಜ, ಹೊನ್ನಾವರ

ನನ್ನ ಹೆಸರು ಬೇಡ ಅಕ್ಕಾ. ಮಿರಜಿನ ತಂಬೂರಿ, ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂತ ಹೇಳಿ. ಮುಂದಿನ ಶನಿವಾರಕ್ಕೆ ಬೇರೆ 20 ನಿಮಿಷ ನುಡಿಸಿ ಕಳಿಸುತ್ತೇನೆ, ಶುಕ್ರವಾರ ರಾತ್ರಿಯೊಳಗೆ ಬರುತ್ತದೆ.